ನಾನು ಬರೆಯದೆ ಬಿಟ್ಟ ಪುಟ

ಹೋದ ಯುಗಾದಿಯ ಊಟದಲ್ಲಿ ಮೈಸೂರಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಸೋಷಿಯಲ್ ವರ್ಕ್ ಓದಿ ಮುಗಿಸಿದ್ದಾಳೆ, ಯುದ್ಧದ ದೇಶಗಳಿಂದ ಬಂದ ಹೆಂಗಸರಿಗೆ ನೆರವಾಗುವ ಆಫೀಸೊಂದರಲ್ಲಿ ಕೆಲಸ ಸಿಕ್ಕಿದೆ. "ಆಂಟಿ, ನೀವು ಇದೇ ಫೀಲ್ಡಲ್ಲಿ ತುಂಬಾ ವರ್ಷ ಇದ್ರಂತಲ್ಲಾ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಹಪ್ಪಳ ಕರಿಯುವುದಕ್ಕಾದರೆ ಟಿಪ್ಸ್ ಕೊಡಬಹುದು, ಈ ಕೆಲಸಕ್ಕೆ ಏನು ಕೊಡಲಿ? ನಿವೃತ್ತಳಾಗಿ ಇಷ್ಟು ವರ್ಷವಾದರೂ ಆ ಕೆಲಸ ನೆನಪಾದರೆ ಮೊದಲು ಬರುವುದು ಹೆಮ್ಮೆಯಲ್ಲ, ದಿಗಿಲು. ಅಲ್ಲಿ ಕೇಳಿದ ಸಂಗತಿಗಳ ದಿಗಿಲು ಒಂದು ಪಾಲಾದರೆ, ನಾನೇ ಮಾಡಿದ ಒಂದು ಕೆಲಸದ ದಿಗಿಲು ಮೂರು ಪಾಲು. ಅಂದು ಆ ಹುಡುಗಿಗೆ ಏನೂ ಹೇಳಲಾಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು, ಹೆಸರು ಗಿರಿಜಾ. ಎರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಮದುವೆಯಾಗಿ ಇಲ್ಲಿಗೆ, ಕೆನಡಾಕ್ಕೆ, ಬಂದೆ. ಯಜಮಾನರು ವಸಂತ, ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಶಿಫ್ಟ್ ಸೂಪರ್‌ವೈಸರ್. ತೊಂಬತ್ತರ ದಶಕದ ಶುರುವಿನಲ್ಲಿ ಎರಿನ್ ಮಿಲ್ಸ್ ಕಡೆಯ ಒಂದು ಪುಟ್ಟ ಪ್ಲಾಜಾದಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ, ನನಗೆ ಕೆಲಸ ಸಿಕ್ಕಿತು. ಯುದ್ಧದಲ್ಲಿ ಮಾನ, ಮನೆ, ಗಂಡ, ಮಕ್ಕಳನ್ನು ಕಳೆದುಕೊಂಡು ಬಂದ ಹೆಂಗಸರಿಗೆ ಬಾಡಿಗೆ ಮನೆ ಹುಡುಕುವುದು, ಡಾಕ್ಟರ ಹತ್ತಿರ ಕರೆದೊಯ್ಯುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು. ಎಲ್ಲಕ್ಕಿಂತ ಮುಖ್ಯವಾದದ್ದು ಅವರ ಹೇಳಿಕೆ ಬರೆಯುವುದು. ಎಲ್ಲಿ, ಯಾವಾಗ, ಯಾರಿಂದ, ಏನಾಯಿತು ಎಂದು ಕೇಳಿ ಇಂಗ್ಲಿಷಿನಲ್ಲಿ ಬರೆದು ನಿರಾಶ್ರಿತರ ಅರ್ಜಿ ನೋಡುವ ಬೋರ್ಡಿಗೆ ಕಳಿಸಬೇಕು. ಅವಳು ಈ ದೇಶದಲ್ಲಿ ಉಳಿಯುವುದೂ ಬಿಡುವುದೂ ಆ ನಾಲ್ಕು ಹಾಳೆಯ ಮೇಲಿರುತ್ತಿತ್ತು.

ನನ್ನ ಮೇಲಧಿಕಾರಿ ಮಾರ್ಗರೆಟ್. ನರ್ಸಾಗಿ ಎರಡು ಯುದ್ಧ ನೋಡಿ ಬಂದವಳು, ಕಡಿಮೆ ಮಾತು. ಮೊದಲ ವಾರವೇ ನನಗೆ ಬೈಸಿಕೊಳ್ಳುವ ಯೋಗ ಬಂತು. ಬಂದವಳು ಅಳಲು ಶುರುಮಾಡಿದ ಕೂಡಲೇ ನಾನು ಟಿಶ್ಯೂ ಡಬ್ಬಿಯನ್ನು ಅವಳ ಮುಂದೆ ತಳ್ಳಿದೆ. ಅವಳು ಹೋದ ಮೇಲೆ ಮಾರ್ಗರೆಟ್ ಹೇಳಿದಳು: "ಡಬ್ಬಿ ಅವಳ ಕೈಗೆಟುಕುವಲ್ಲಿ ಇರಲಿ, ನೀನು ತಳ್ಳಬೇಡ. ತಳ್ಳಿದರೆ ಅಳು ನಿಲ್ಲಿಸು ಅಂದ ಹಾಗೆ." ಬಂದವಳ ಬೆನ್ನಿಗೆ ಬಾಗಿಲು ಬರುವಂತೆ ಕುರ್ಚಿ ಹಾಕಿದ್ದೂ ತಪ್ಪಂತೆ. ಬಾಗಿಲು ಅವಳ ಕಣ್ಣಿಗೆ ಕಾಣುತ್ತಿರಬೇಕು, ಹತ್ತಿರವೂ ಇರಬೇಕು. ಇಷ್ಟು ವರ್ಷ ಕುರ್ಚಿಯ ಮೇಲೆ ಕೂತವಳಿಗೆ ಕುರ್ಚಿ ಹಾಕಲು ಬರುವುದಿಲ್ಲ ಎಂದು ಅಂದು ತಿಳಿಯಿತು.

ಮೊದಲ ಚಳಿಗಾಲದಲ್ಲಿ ನಮ್ಮ ಕನ್ನಡದವರೇ ಸೇರಿ ಬೆಚ್ಚನೆಯ ಕೋಟುಗಳನ್ನು ಕೂಡಿಸಿಕೊಟ್ಟರು. ವಸಂತ ವ್ಯಾನಿನಲ್ಲಿ ತಂದು ಇಳಿಸಿದರು. ಒಂದು ಕೋಟಂತೂ ಹೊಸದರಂತೆ ಇತ್ತು, ದಪ್ಪ, ತಲೆಗೆ ಟೋಪಿ ಸಹಿತ. ಆಫ್ರಿಕಾದಿಂದ ಹೊಸದಾಗಿ ಬಂದಿದ್ದ ಒಬ್ಬಾಕೆ ತೆಳು ಸ್ವೆಟರಿನಲ್ಲಿ ನಡುಗುತ್ತಿದ್ದಳು. ಎಲ್ಲಕ್ಕಿಂತ ಒಳ್ಳೆಯದು ಇವಳಿಗೇ ಸೇರಲಿ ಎಂದು ನಾನೇ ಅದನ್ನು ಬಿಡಿಸಿ ಅವಳ ಹೆಗಲಿಗೆ ಹಾಕಲು ಹೋದೆ. ಅವಳು ಗೋಡೆಗೆ ಆತುಕೊಂಡು ಹಾಗೇ ಕೆಳಗೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಏನೂ ತಿಳಿಯಲಿಲ್ಲ. ಮಾರ್ಗರೆಟ್ ಬಂದು ಕೋಟನ್ನು ನನ್ನ ಕೈಯಿಂದ ಕಿತ್ತುಕೊಂಡು ಹೊರಗೊಯ್ದಳು. ಆಮೇಲೆ ನೋಡಿದೆ: ಹಸಿರು, ಕಂದು ಚುಕ್ಕೆ. ಸಿಪಾಯಿಗಳು ತೊಡುವ ಬಟ್ಟೆ. ನಾನು ಬಣ್ಣ ನೋಡಿರಲೇ ಇಲ್ಲ, ಬೆಚ್ಚಗಿದೆಯೇ ಎಂದಷ್ಟೇ ನೋಡಿದ್ದೆ.

ಇನ್ನೊಂದು ಸಲ ಬೆಳಗಾವಿ ಕಡೆಯ ಒಬ್ಬ ಗೃಹಸ್ಥರು ಫೋನ್ ಮಾಡಿದರು. ವಸಂತರ ಗೆಳೆಯರು, ಒಳ್ಳೆಯ ಮನಸ್ಸಿನವರೇ. ನಮ್ಮ ಆಫೀಸಿಗೆ ಹಣ ಕೂಡಿಸಲು ಬ್ಯಾಂಕ್ವೆಟ್ ಹಾಲಿನಲ್ಲಿ ಒಂದು ಡಿನ್ನರ್ ಇಟ್ಟುಕೊಂಡಿದ್ದರು. "ವೈನಿ, ನಿಮ್ಮಲ್ಲಿ ಬರೋ ಹೆಣ್ಮಕ್ಕಳೊಳಗ ಯಾರರ ಒಬ್ಬಾಕಿನ್ನ ಕರಕೊಂಡ್ ಬರ್ರಿ. ಸ್ಟೇಜ್ ಮ್ಯಾಲ ಎರಡು ಮಾತು ಹೇಳಿದ್ರ ಸಾಕು. ಕಣ್ಣಾಗ ನೀರು ಬಂದ್ರ ಇನ್ನೂ ಚಲೋ, ಜನಕ್ಕ ತಟ್ಟತದ" ಎಂದರು. "ಅಣ್ಣಾರ, ಊಟದ ನಡುವ ಯಾರನ್ನೂ ಅಳಸಾಕ ನನಗ ಬರೂದಿಲ್ರಿ" ಅಂದು ಫೋನ್ ಇಟ್ಟೆ. ಅಷ್ಟು ಹೇಳಿದ್ದಕ್ಕೆ ತಿಂಗಳುಗಟ್ಟಲೆ ನನ್ನ ಬಗ್ಗೆ ನನಗೇ ಬಹಳ ಅಭಿಮಾನವಾಗಿತ್ತು. ಈ ಹೆಂಗಸರ ಮಾನ ಕಾಯುವುದು ನನಗೆ ಗೊತ್ತು ಎಂದುಕೊಂಡೆ. ಮುಂದಿನ ತಪ್ಪಿನ ಬೇರು ಅಲ್ಲೇ ಇತ್ತು.

ನನಗೊಂದು ಅಭ್ಯಾಸವಿತ್ತು. ಹೇಳಿಕೆ ಕೇಳುವಾಗ ಮೊದಲು ಕನ್ನಡದಲ್ಲಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕೈ ಬೇಗ ಓಡುವುದು ಕನ್ನಡದಲ್ಲೇ. ಜೊತೆಗೆ ಆ ಆಫೀಸಿನಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ, ಬೀಗ ಹಾಕಿದಷ್ಟು ಭದ್ರ. ಆಮೇಲೆ ಅದನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದೆ. ಹೇಳಿಕೆ ಹೋದ ಮೇಲೆ ಕಚ್ಚಾ ಬರಹವನ್ನು ಹರಿದುಹಾಕಬೇಕೆಂಬುದು ಆಫೀಸಿನ ನಿಯಮ. ಆದರೆ ಅಕ್ಷರವಿದ್ದ ಪುಸ್ತಕ ಹರಿಯುವುದು ನಮ್ಮ ಮನೆಯಲ್ಲಿ ಕಲಿಸಿದ ಸಂಗತಿಯಲ್ಲ, ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವವರು ನಾವು. ತುಂಬಿದ ನೋಟ್‌ಬುಕ್ಕುಗಳನ್ನು ಮನೆಗೆ ಒಯ್ದು ಬೇಸ್‌ಮೆಂಟಿನಲ್ಲಿ ಹಪ್ಪಳ, ಸಂಡಿಗೆಯ ಡಬ್ಬಿಗಳ ಹಿಂದೆ ಇಡುತ್ತಿದ್ದೆ.

ಸೆಲ್ಮಾ ಬಂದದ್ದು ದಶಕದ ನಡುವಿನಲ್ಲಿ, ಬೋಸ್ನಿಯಾದಿಂದ. ಅದು ಅವಳ ನಿಜವಾದ ಹೆಸರಲ್ಲ, ಮಗಳ ಹೆಸರನ್ನೂ ಬದಲಿಸಿದ್ದೇನೆ. ಗಂಡ ಯುದ್ಧದಲ್ಲಿ ಸತ್ತಿದ್ದ. ಎಂಟು ವರ್ಷದ ಮಗಳು ಆಮ್ರಾ ಮತ್ತು ಮೈದುನನ ಜೊತೆ ಬಂದಿದ್ದಳು. ಮೂವರದೂ ಒಂದೇ ಅರ್ಜಿ. ಅವರ ಮಾತನ್ನು ಇಂಗ್ಲಿಷಿಗೆ ತರಲು ಯಾಸ್ನಾ ಎಂಬ ವಯಸ್ಸಾದ ಹೆಂಗಸು ಬರುತ್ತಿದ್ದಳು. ಮೈದುನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಂದ ಗಂಡಸನ್ನು ಹೊರಗೆ ಕೂರಿಸಿ ಒಳಗೆ ಮಾತಾಡುವುದೆಂದರೇನು ಎಂದು ನಾನೇ ಅವನನ್ನು ಒಳಗೆ ಕರೆದು, ಕಾಫಿ ಕೊಟ್ಟು, ಸೆಲ್ಮಾಳ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಸೆಲ್ಮಾ ಊರಿನ ಹೆಸರು ಹೇಳಿದಳು, ಗಂಡ ಸತ್ತ ಬಗೆ, ಮನೆ ಸುಟ್ಟ ಬಗೆ ಹೇಳಿದಳು, ತಮ್ಮನ್ನು ಊರ ಶಾಲೆಯೊಂದರಲ್ಲಿ ಕೂಡಿಹಾಕಿದ್ದರೆಂದು ಹೇಳಿದಳು. ಅಲ್ಲಿಗೆ ನಿಲ್ಲಿಸಿ ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದಳು. ನಾನೂ ಯಾಸ್ನಾಳೂ ಜೊತೆಗೆ ಹೋದೆವು.

ಅಲ್ಲಿ, ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು, ಅವಳು ಉಳಿದದ್ದನ್ನು ಹೇಳಿದಳು. ಯಾಸ್ನಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆದರೆ ಯಾಕೋ ಸೆಲ್ಮಾಳ ಮಾತು ನನ್ನ ತಲೆಯಲ್ಲಿ ನಮ್ಮೂರ ಕನ್ನಡದಲ್ಲೇ ಕೂತಿದೆ, ಹಾಗೇ ಬರೆಯುತ್ತೇನೆ. "ಹತ್ತೊಂಬತ್ತು ದಿನ ಇಟ್ಟಿದ್ರು. ಆಮ್ರಾ ಒಂದನೇ ಇಯತ್ತೆ ಕಲಿತ ಖೋಲಿನ ಅದು. ಕಾವಲಿನ ದೊಡ್ಡಾಂವ ಶಾಲಿ ಹಾಜರಿ ಪುಸ್ತಕದಾಗ ನಮ್ಮ ಹೆಸರು ಬರದಿದ್ದ. ದಿನಾ ಸಂಜಿಗೆ ಬಾಗಲದಾಗ ನಿಂತು ಹಾಜರಿ ಕರದ್ಹಂಗ ಕರೀತಿದ್ದ. ಹೆಸರು ಬಂದಾಕಿ ಎದ್ದು ಹೋಗಬೇಕು. ನನ್ನ ಹೆಸರು ಆರು ಸಲ ಬಂತು." ಇಷ್ಟು ಹೇಳಿ, ಅವನ ಹೆಸರನ್ನೂ ಹೇಳಿ, ಮುಖ ತೊಳೆದುಕೊಂಡಳು. ಆಮೇಲೆ ಕೇಳಿದಳು: "ಇದನ್ನೂ ಬರೀತೀರೇನು?"

ನಾನೂ ಶಾಲೆಯಲ್ಲಿ ಹಾಜರಿ ಕರೆದವಳು. ನನಗೆ ಅಂದು ಕಂಡದ್ದು ಒಳಗೆ ಕಾಫಿ ಕುಡಿಯುತ್ತ ಕೂತ ಮೈದುನ. ನಾಳೆ ಬೋರ್ಡಿನ ಮುಂದೆ ಇವನೂ ಪಕ್ಕದಲ್ಲೇ ಕೂತಿರುತ್ತಾನೆ, ಇದನ್ನು ಗಟ್ಟಿಯಾಗಿ ಓದುತ್ತಾರೆ. ಆ ಸಣ್ಣ ಹುಡುಗಿ ನಾಳೆ ದೊಡ್ಡವಳಾಗುತ್ತಾಳೆ, ಅವರ ಜನರೊಳಗೇ ಮದುವೆಯಾಗಬೇಕು. ಗಡಿಗೆಯ ಬಾಯಿಗೆ ಮುಚ್ಚಳ ಹಾಕಬಹುದು, ಊರ ಬಾಯಿಗೆ ಹಾಕುವವರು ಯಾರು? "ಬೇಕಾಗಿಲ್ಲ. ನಿಮ್ಮ ಗಂಡ ಸತ್ತದ್ದು, ಮನೆ ಸುಟ್ಟದ್ದು ಇಷ್ಟೇ ಸಾಕು, ಅರ್ಜಿ ಗಟ್ಟಿಯಾಗಿದೆ. ಕಾಗದದ ಮೇಲೆ ಬಂದದ್ದು ಎಂದೂ ಅಳಿಸುವುದಿಲ್ಲ" ಎಂದೆ. ಸೆಲ್ಮಾ ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಕೂಡಿಹಾಕಿದ್ದರು ಎಂದಷ್ಟೇ ಬರೆದರೆ ಬೋರ್ಡಿನವರು ಮುಂದೇನಾಯಿತು ಎಂದು ಕೇಳದೆ ಬಿಡುವುದಿಲ್ಲ. ಆ ಪ್ರಶ್ನೆಯ ಬಾಗಿಲನ್ನೇ ಮುಚ್ಚಬೇಕೆಂದು ನಾನು ಒಂದು ಸಾಲು ಸೇರಿಸಿದೆ: "ಶಾಲೆಯಲ್ಲಿ ನನಗೆ ದೈಹಿಕವಾಗಿ ಯಾವ ತೊಂದರೆಯನ್ನೂ ಕೊಡಲಿಲ್ಲ." ಸಹಿಗೆ ಮೊದಲು ಯಾಸ್ನಾ ಪೂರ್ತಿ ಓದಿ ಹೇಳಿದಳು. ಆ ಸಾಲು ಬಂದಾಗ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಓದಿ ಎಂದು ಕಣ್ಣಲ್ಲೇ ಹೇಳಿದೆ. ಸೆಲ್ಮಾ ಸಹಿ ಮಾಡಿದಳು. ಮೂರು ತಿಂಗಳಲ್ಲಿ ಅರ್ಜಿ ಒಪ್ಪಿದರು. ಆ ದಿನ ನಾನು ಮನೆಯಲ್ಲಿ ಶಿರಾ ಮಾಡಿದೆ.

ವರ್ಷಗಳು ಹೋದವು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಮನೆಯವರನ್ನು ಒಳಗೆ ಕೂರಿಸಬಾರದು, ಒಬ್ಬೊಬ್ಬರನ್ನೇ ಕೇಳಬೇಕು ಎಂಬ ಪದ್ಧತಿ ಬಂತು. ಪದ್ಧತಿ ಬದಲಾದರೂ ನಾನು ಬದಲಾಗಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಹೇಳಿಕೊಡುತ್ತಿದ್ದೆ: ಬೇರೆ ಆಧಾರ ಗಟ್ಟಿಯಿದ್ದರೆ ಇದನ್ನು ಬರೆಯಬೇಡಿ, ಪಾಪ, ಅವರ ಬಾಳು ಮುಂದಿದೆ. ನಾನು ಕೊಟ್ಟ ಟಿಪ್ಸ್ ಅಂದರೆ ಅದೇ.

ಹತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ ಸೆಲ್ಮಾ ಆಫೀಸಿಗೆ ಬಂದಳು. ಈಗ ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಜೊತೆಗೆ ಒಬ್ಬ ತನಿಖಾಧಿಕಾರಿ, ಎತ್ತರದ ಹೆಂಗಸು. ಆ ಯುದ್ಧದ ಅಪರಾಧಗಳನ್ನು ವಿಚಾರಿಸಲೆಂದೇ ಹಾಲೆಂಡಿನಲ್ಲಿ ಕೂತಿದ್ದ ಅಂತಾರಾಷ್ಟ್ರೀಯ ನ್ಯಾಯಾಲಯದಿಂದ ಬಂದಿದ್ದಳು. ಹಾಜರಿ ಕರೆಯುತ್ತಿದ್ದವನು ಸಿಕ್ಕಿಬಿದ್ದಿದ್ದ. ಅವನ ಎದುರು ನಿಂತು ಹೇಳಲು ಒಪ್ಪಿದವರಲ್ಲಿ ಸೆಲ್ಮಾಳೂ ಒಬ್ಬಳು. ಅಧಿಕಾರಿ ಒಂದು ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಕೆಳಗೆ ಬರೆದವರ ಸಹಿ ನನ್ನದು. ಒಂದು ಸಾಲಿಗೆ ಹಳದಿ ಬಳಿದಿತ್ತು.

"ಸಾಕ್ಷಿಯ ಹಿಂದಿನ ಹೇಳಿಕೆಗಳನ್ನೆಲ್ಲ ನಾವು ಆರೋಪಿಯ ವಕೀಲರಿಗೆ ಕೊಡಲೇಬೇಕು. ಏನೂ ಆಗಲಿಲ್ಲ ಎಂದು ನೀವೇ ಕೆನಡಾಕ್ಕೆ ಬರೆದುಕೊಟ್ಟಿದ್ದೀರಲ್ಲ ಎಂದು ಅವರು ಇವರನ್ನು ಕೇಳುತ್ತಾರೆ. ಇದೊಂದು ಸಾಲು ಸಾಕು, ಇವರ ಸಾಕ್ಷ್ಯ ಬಿದ್ದುಹೋಗುತ್ತದೆ. ಇವರು ಅಂದೇ ನಿಮಗೆ ಹೇಳಿದ್ದರೇ?" ಎಂದು ಅಧಿಕಾರಿ ಕೇಳಿದಳು.

"ಹೇಳಿದ್ದರು" ಎಂದೆ. "ನಿಮ್ಮ ಬಾಯಿಮಾತಿಗೆ ಬೆಲೆ ಕಡಿಮೆ, ನೀವು ಅವರಿಗೆ ಬೇಕಾದವರು ಅನ್ನುತ್ತಾರೆ. ಅಂದಿನ ಬರಹ ಏನಾದರೂ ಇದೆಯೇ?" ಎಂದಳು ಅಧಿಕಾರಿ. ಯಾಸ್ನಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಕ್ಕದಲ್ಲಿ ಮಾರ್ಗರೆಟ್ ನಿಂತಿದ್ದಳು. "ಕಚ್ಚಾ ಬರಹವನ್ನು ಹರಿದುಹಾಕುವುದು ನಮ್ಮ ನಿಯಮ" ಎಂದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೂ ಅದು ಅಪ್ಪಟ ಸುಳ್ಳು. ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂತಲ್ಲ ಎಂದು ಇವತ್ತಿಗೂ ಬೆಚ್ಚುತ್ತೇನೆ.

ಹೊರಡುವಾಗ ಸೆಲ್ಮಾ ಬಾಗಿಲಲ್ಲಿ ನಿಂತಳು. ಸಿಟ್ಟಿರಲಿಲ್ಲ. "ಬರೀಲಿ ಅಂತನ ನಾ ನಿಮಗ ಹೇಳಿದ್ದು. ನೀವು ಬ್ಯಾಡ ಅಂದ್ರಿ. ಈ ದೇಶದಾಗೂ ಅದು ನಾಚಿಕಿ ಮಾತ ಅಂತ ತಿಳಕೊಂಡೆ. ಮುಂದ ಡಾಕ್ಟರ ಮುಂದನೂ ಹೇಳಲಿಲ್ಲ." ನಮ್ಮಲ್ಲೇ ಇಂಥ ಹೆಂಗಸರಿಗಾಗಿ ಒಬ್ಬಳು ಡಾಕ್ಟರ್ ವಾರಕ್ಕೊಮ್ಮೆ ಬರುತ್ತಿದ್ದಳು. ಯಾರನ್ನು ಅವಳ ಬಳಿ ಕಳಿಸಬೇಕೆಂಬುದನ್ನು ಹೇಳಿಕೆ ನೋಡಿ ತೀರ್ಮಾನಿಸುತ್ತಿದ್ದರು. ಸೆಲ್ಮಾಳನ್ನು ಯಾರೂ ಕಳಿಸಿರಲಿಲ್ಲ. ಹತ್ತು ವರ್ಷ ಅವಳು ಆ ಹತ್ತೊಂಬತ್ತು ದಿನವನ್ನು ಒಬ್ಬಳೇ ಹೊತ್ತಿದ್ದಳು, ನಾನು ಶಿರಾ ತಿಂದು ಮರೆತಿದ್ದೆ.

ಸಂಜೆ ಮನೆಯಲ್ಲಿ ನಾನು ಮಾಡಿದ್ದನ್ನೆಲ್ಲ ವಸಂತರಿಗೆ ಹೇಳಿದೆ. ಅವಳ ಹೆಸರು ಹೇಳಲಿಲ್ಲ.

"ನೋಟ್‌ಬುಕ್ ಅದ ಅಂತ ಯಾರಿಗರ ಗೊತ್ತದ ಏನು?" ಎಂದರು.

"ಇಲ್ರೀ."

"ಮತ್ತ ಸುಮ್ಮ ಕೂಡು. ರೂಲ್ ಮುರದೀನಿ, ಸುಳ್ಳು ಬರದೀನಿ ಅಂತ ನೀನ ಹೋಗಿ ಹೇಳ್ಕೋತಿಯೇನು? ರಿಟೈರ್ ಆಗಾಕ ನಾಕು ವರ್ಷ ಅದ. ಕೆಲಸ ಹೋದ್ರ ನಾಕು ಮಂದಿಯೊಳಗ ಮಾರಿ ತೋರಸೂದು ಹ್ಯಾಂಗ?"

ನಾನು ಬೇಸ್‌ಮೆಂಟಿಗಿಳಿದು ಡಬ್ಬಿಗಳನ್ನು ಸರಿಸಿದೆ. ಮೂರನೆಯ ನೋಟ್‌ಬುಕ್ಕಿನಲ್ಲಿ ಆ ಪುಟ ಸಿಕ್ಕಿತು. ಅಂದು ಬಾತ್‌ರೂಮಿನಿಂದ ಬಂದ ಕೂಡಲೇ ಕೈ ತನ್ನಷ್ಟಕ್ಕೆ ಬರೆದಿತ್ತು. ಹಾಜರಿ ಪುಸ್ತಕ, ಹತ್ತೊಂಬತ್ತು ದಿನ, ಆರು ಸಲ, ಅವನ ಹೆಸರು, ಎಲ್ಲವೂ ಇತ್ತು, ಮೇಲೆ ತಾರೀಖಿನ ಸಮೇತ. ಎಲ್ಲಕ್ಕಿಂತ ಕೆಳಗೆ, ಗೆರೆ ಎಳೆದು, ನಾನೇ ಬರೆದ ಒಂದು ಸಾಲು. ಪುಟವನ್ನು ಮೇಲೆ ತಂದು, ಅವಳ ಮಾತಿನ ಮೇಲೆ ಕೈ ಮುಚ್ಚಿ, ಕೊನೆಯ ಸಾಲನ್ನಷ್ಟೇ ವಸಂತರಿಗೆ ತೋರಿಸಿದೆ. ಮೇಲಿನದು ಅವಳದು, ಈ ಸಾಲು ಮಾತ್ರ ನನ್ನದು: "ಇದನ್ನು ಬರೆಯುವುದು ಬೇಡ. ಮಗಳಿದ್ದಾಳೆ."

ಅವರು ಓದಿ ಕನ್ನಡಕ ತೆಗೆದರು. "ನಮಗೂ ಮಗಳದಾಳ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನಮ್ಮಾಕಿಗೆ ಹಿಂಗಾಗಿದ್ರ, ಯಾರರ ಹಿಂಗ ಬರದು ಮುಚ್ಚಿಟ್ಟಿದ್ರ, ನೀ ಬಿಡ್ತಿದ್ದಿಯೇನು? ಮುಂಜಾನೆ ನಾನ ಕಾರ್ ತೆಗೀತೀನಿ. ನಡಿ" ಎಂದರು.

ಬೆಳಿಗ್ಗೆ ನೋಟ್‌ಬುಕ್ಕನ್ನು ಮಾರ್ಗರೆಟ್‌ಳ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: "ಇನ್ನೆಷ್ಟು ಜನರ ವಿಷಯದಲ್ಲಿ ಹೀಗೆ ಮಾಡಿದ್ದೀಯ?" ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಉಳಿದ ನೋಟ್‌ಬುಕ್ಕುಗಳನ್ನು ತಂದು ಇಬ್ಬರೂ ಕೂತೆವು. ಅವಳಿಗೆ ಕನ್ನಡ ಬರದು, ನಾನು ಓದಿ ಹೇಳಬೇಕು. ಹಾಳೆ ತಿರುವಿದಂತೆ ಅದೇ ಗೆರೆ, ಗೆರೆಯ ಕೆಳಗೆ ಅದೇ "ಬೇಡ" ಮತ್ತೆ ಮತ್ತೆ ಬಂತು. ಆ ಎಲ್ಲ ಹೆಂಗಸರನ್ನೂ ಹುಡುಕಿ, ಆಗಿದ್ದನ್ನು ಹೇಳಿ, ಡಾಕ್ಟರ ಸಹಾಯ ಬೇಕೇ ಎಂದು ಮಾರ್ಗರೆಟ್ ಒಬ್ಬೊಬ್ಬರನ್ನೇ ಕೇಳಿದಳು. ಕೆಲವರು ಸಿಗಲೇ ಇಲ್ಲ. ನನ್ನನ್ನು ಹೇಳಿಕೆ ಬರೆಯುವ ಕೆಲಸದಿಂದ ತೆಗೆದು ಶಾಲೆ ಸೇರಿಸುವ, ಮನೆ ಹುಡುಕುವ ಕೆಲಸಕ್ಕೆ ಹಾಕಿದರು. ನಿವೃತ್ತಿಯವರೆಗೂ ಅದನ್ನೇ ಮಾಡಿದೆ. ಮಾಡಿದ್ದುಣ್ಣೋ ಮಾರಾಯ.

ಸೆಲ್ಮಾ ಒಪ್ಪಿದ ಮೇಲೆ ಡೌನ್‌ಟೌನಿನ ಒಬ್ಬ ವಕೀಲರ ಕೋಣೆಯಲ್ಲಿ ಆ ಪುಟದ ಅನುವಾದವಾಯಿತು. ಅನುವಾದಕರು ಬೆಂಗಳೂರಿನವರು, ಮರ್ಯಾದಸ್ಥರು. ಎದುರಿಗೆ ನಾನು ಕೂತಿದ್ದೇನೆಂದು ಅವರಿಗೆ ಬಹಳ ಸಂಕೋಚವಾಗಿತ್ತು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಮೇಡಂ, ಇದನ್ನ ಬಿಟ್ಬಿಡ್ಲಾ? ಇದು ನಿಮ್ ಪರ್ಸನಲ್ ನೋಟ್ ಥರ ಇದೆ. ಸುಮ್ನೆ ನಿಮಗೆ ಮುಜುಗರ" ಅಂದರು. ಹತ್ತು ವರ್ಷದ ಹಿಂದೆ ನಾನು ಆಡಿದ ಮಾತೇ ಎದುರು ಬಂದು ಕೂತಂತಾಯಿತು. "ಬಿಡಬ್ಯಾಡ್ರಿ. ಅದನ್ನ ಮದಲ ಬರೀರಿ" ಎಂದೆ. ಅದು ನನ್ನ ಕೈಬರಹ, ಅವಳು ಹೇಳಿದಳು, ನಾನು ಬಿಟ್ಟೆ, ಸುಳ್ಳು ಸಾಲು ನನ್ನದು ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ.

ಸೆಲ್ಮಾ ಹಾಲೆಂಡಿಗೆ ಹೋದಳು. ಹದಿನೆಂಟು ತುಂಬಿದ್ದ ಆಮ್ರಾ ಜೊತೆಗೆ ಹೋದಳು. ವಾಪಸ್ ಬಂದ ಮೇಲೆ ಎರಿನ್ ಮಿಲ್ಸ್ ಮಾಲಿನ ಫುಡ್ ಕೋರ್ಟಿನಲ್ಲಿ ನನ್ನನ್ನು ಕರೆದರು. ನನಗೆ ಹೋಗುವ ಮುಖವಿರಲಿಲ್ಲ, ಆದರೂ ಹೋದೆ. ಆರೋಪಿಯ ವಕೀಲ ಆ ಹಳದಿ ಬಳಿದ ಸಾಲನ್ನು ಮೂರು ಸಲ ಓದಿದನಂತೆ. ಆಮೇಲೆ ಈ ಕಡೆಯವರು ನನ್ನ ಪುಟವನ್ನು ಓದಿಸಿದರಂತೆ. ಕೊನೆಯ ಸಾಲು ಬಂದಾಗ ನ್ಯಾಯಾಧೀಶರಲ್ಲಿ ಒಬ್ಬಾಕೆ ಅದನ್ನು ಇನ್ನೊಮ್ಮೆ ಓದಿ ಎಂದಳಂತೆ. ಅಷ್ಟಾದ ಮೇಲೆ ವಕೀಲ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ತೀರ್ಪು ಬರಲು ಇನ್ನೂ ಒಂದು ವರ್ಷ ಹಿಡಿಯಿತು. ನ್ಯಾಯಾಧೀಶರು ಸೆಲ್ಮಾಳನ್ನು ನಂಬಿದರು, ಅವನಿಗೆ ಶಿಕ್ಷೆಯಾಯಿತು.

ಆಮ್ರಾ ಒಶಾವಾದಲ್ಲಿ ಕಾಲೇಜು ಸೇರಿದ್ದಳು. ಅಂದು ಫುಡ್ ಕೋರ್ಟಿನಲ್ಲಿ ಅಲ್ಲಿಯವರೆಗೆ ಕೇಳುತ್ತ ಕೂತಿದ್ದವಳು ಇಂಗ್ಲಿಷಿನಲ್ಲಿ, ಮೆತ್ತಗೆ, ಹೇಳಿದಳು: "ಆ ಸಾಲಿನಲ್ಲಿರುವ ಮಗಳು ನಾನು. ನನ್ನ ಹೆಸರು ಹೇಳಿ ನೀವು ಅಮ್ಮನ ಬಾಯಿ ಮುಚ್ಚಿದಿರಿ. ನನ್ನನ್ನೊಮ್ಮೆ ಕೇಳಬಹುದಿತ್ತು ಎನ್ನುವಂತಿಲ್ಲ, ಆಗ ನನಗೆ ಎಂಟು ವರ್ಷ. ಅಮ್ಮನನ್ನಾದರೂ ಕೇಳಬಹುದಿತ್ತು."

ನಾನು ಕ್ಷಮೆ ಕೇಳಿದೆ. ಫುಡ್ ಕೋರ್ಟಿನ ಗದ್ದಲದಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ, ಎರಡನೆಯ ಸಲ ಹೇಳುವಾಗ ಅತ್ತುಬಿಟ್ಟೆ. ಮೇಜಿನ ನಡುವೆ ನ್ಯಾಪ್ಕಿನ್ ಡಬ್ಬಿ ಇತ್ತು. ಸೆಲ್ಮಾ ಅದನ್ನು ನನ್ನ ಕಡೆ ತಳ್ಳಲಿಲ್ಲ. ನಾನು ಸುಧಾರಿಸಿಕೊಳ್ಳುವವರೆಗೂ ಕಾದು ಹೇಳಿದಳು:

"ಯಾರಿಗೂ ತಿಳೀಬಾರ್ದು ಅಂತ ನನ್ನ ಮಾತನ್ನ ನಿಮ್ಮ ಭಾಷಾದಾಗ ಬರದು ಇಟ್ರಿ. ಈಗ ನೀವು ಮಾಡಿದ್ದನ್ನ ಎಲ್ಲಾರಿಗೂ ತಿಳಿಯೂ ಹಂಗ ಅದ ಭಾಷಾದಾಗ ಬರೀರಿ. ನನ್ನ ಹತ್ತೊಂಬತ್ತು ದಿನಾನೂ ಬಿಡಬ್ಯಾಡ್ರಿ."

ಹೂಂ ಎಂದು ಬಂದವಳು ಬರೆಯದೆಯೇ ಇಷ್ಟು ವರ್ಷ ಕಳೆದೆ. ಮೈಸೂರಿನ ಹುಡುಗಿಯೇ, ನೀನು ಕೇಳಿದ್ದಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ: ಅವಳು "ಇದನ್ನೂ ಬರೀತೀರಾ" ಎಂದು ಕೇಳಿದರೆ, "ಬರೆಯಲೇ?" ಎಂದು ಅವಳನ್ನೇ ತಿರುಗಿ ಕೇಳು, ಅವಳು ಬಾಯಿಬಿಟ್ಟು ಹೇಳುವವರೆಗೂ ಕಾದಿರು.